ಎಸ್ಟೇಟ್ ಮನೆಯಲ್ಲಿ ವೇಷದ ಪಾರ್ಟಿ: ಕೊಡಗಿನಲ್ಲಿ ಮಾಡುವವರಿಗೆ ಒಂದಿಷ್ಟು ದಾರಿ

ಬೆಂಗಳೂರಿನ ಇಂದಿರಾನಗರ, ಕೋರಮಂಗಲದ ಪಬ್‌ಗಳಲ್ಲಿ ಥೀಮ್ ನೈಟ್ ಈಗ ಮಾಮೂಲು. ಒಂದು ದಿನ ರೆಟ್ರೋ, ಇನ್ನೊಂದು ದಿನ ಬಾಲಿವುಡ್, ಅಕ್ಟೋಬರ್ 31 ಬಂತೆಂದರೆ ಹ್ಯಾಲೋವೀನ್ ಅಂತ ಮುಖಕ್ಕೆಲ್ಲ ಬಿಳಿ ಬಳಿದುಕೊಂಡವರ ಸಾಲು. ವಾರದ ನಡುವೆ ಖಾಲಿ ಹೊಡೆಯುವ ಟೇಬಲ್ ತುಂಬಿಸಲು ಪಬ್‌ನವರು ಹೂಡುವ ಉಪಾಯ ಇದು, ಗುಟ್ಟೇನೂ ಇಲ್ಲ. ಆದರೆ ಬರೀ ಆಫರ್ ನೋಡಿ ಜನ ಇಷ್ಟು ಕಷ್ಟಪಟ್ಟು ಮೀಸೆ ಅಂಟಿಸಿಕೊಳ್ಳುವುದಿಲ್ಲ. ವೇಷ ಹಾಕಿದವರನ್ನು ಮಾತಾಡಿಸುವುದು ಸುಲಭ. "ಈ ಟೋಪಿ ಎಲ್ಲಿ ಸಿಕ್ತು?" ಅಂದರೆ ಸಾಕು, ಪರಿಚಯ ಶುರು. ದುಬಾರಿ ಶರ್ಟಿನವನೂ ಚಿಕ್ಕಪೇಟೆಯಲ್ಲಿ ಚೌಕಾಸಿ ಮಾಡಿ ಅಂಗಿ ಕೊಂಡವನೂ ಒಂದೇ ಥರ ಕೋಡಂಗಿಯಾಗಿ ನಿಂತಿರುತ್ತಾರೆ. ಯಾರ ಸಂಬಳ ಎಷ್ಟು ಅಂತ ಬಟ್ಟೆ ನೋಡಿ ಅಳೆಯಲು ಬರುವುದಿಲ್ಲ.

ಅಲ್ಲಿ ಕೆಲಸಕ್ಕಿರುವ ನಮ್ಮ ಹುಡುಗ ಹುಡುಗಿಯರು ಕೈಲ್‌ಪೊಳ್ದ್‌ಗೋ ಪುತ್ತರಿಗೋ ಹಬ್ಬಕ್ಕೆಂದು ಊರಿಗೆ ಬಂದಾಗ "ಇದನ್ನ ಮನೆಯಲ್ಲೇ ಮಾಡೋಣ್ವಾ?" ಅಂತ ಕೇಳುತ್ತಾರೆ. ಧಾರಾಳವಾಗಿ ಮಾಡಬಹುದು. ಆದರೆ ಪಬ್‌ನಲ್ಲಿ ನಡೆಯುವುದನ್ನು ಹಾಗೇ ತಂದು ಎಸ್ಟೇಟ್ ಮನೆ ಅಂಗಳದಲ್ಲಿ ಇಳಿಸಿದರೆ ಕೆಲಸ ಕೆಡುತ್ತದೆ. ಅಲ್ಲಿ ಬರುವವರಿಗೆ ಒಬ್ಬರ ಗುರುತು ಇನ್ನೊಬ್ಬರಿಗೆ ಇರುವುದಿಲ್ಲ. ಇಲ್ಲಿ ಗೇಟು ದಾಟುತ್ತಿದ್ದ ಹಾಗೆ "ಯಾವ ಒಕ್ಕ (ಮನೆತನ)? ಯಾರ ಮಗಳು? ಎಲ್ಲಿ ಕೆಲಸ? ಮದುವೆ ಯಾವಾಗ?" ಶುರುವಾಗುತ್ತದೆ. ನನ್ನ ಪ್ರಕಾರ ಕೊಡಗಿನಲ್ಲಿ ವೇಷದ ಪಾರ್ಟಿಯ ಸೆಳೆತ ಇರುವುದೇ ಇಲ್ಲಿ: ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರಲ್ಲಿ ಒಂದು ಸಂಜೆ ಮಟ್ಟಿಗೆ ಈ ಪ್ರಶ್ನೆಗಳಿಗೆಲ್ಲ ರಜೆ. ಥೀಮ್ ಆರಿಸುವಾಗ, ಜನರನ್ನು ಕರೆಯುವಾಗ, ಫೋಟೋ ತೆಗೆಯುವಾಗ ಇದನ್ನು ಮನಸ್ಸಲ್ಲಿ ಇಟ್ಟುಕೊಂಡರೆ ಅರ್ಧ ತಲೆನೋವು ಕಡಿಮೆ.

ವೇಷ ಅಂದರೆ ಇಲ್ಲಿನವರಿಗೆ ಹೊಸದೂ ಅಲ್ಲ. ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬದ ದಿನ ಗೋಣಿಕೊಪ್ಪ ಕಡೆ ಓಡಾಡಿದವರಿಗೆ ಗೊತ್ತು, ಡಬ್ಬ ಬಡಿಯುತ್ತಾ, ಗಂಡಸರು ಹೆಂಗಸರ ಬಟ್ಟೆ ತೊಟ್ಟು, ಬಾಯಿ ತುಂಬಾ ಬೈಯುತ್ತಾ ದುಡ್ಡು ಕೇಳುತ್ತಾರೆ, ಬೈಸಿಕೊಂಡವರು ನಗುತ್ತಾ ಕೊಡುತ್ತಾರೆ. ಬೋಡ್ ನಮ್ಮೆ ಅನ್ನುವ ಊರಹಬ್ಬಗಳಲ್ಲೂ ಹರಕೆಗೆ ವೇಷ ಹಾಕಿ ಮನೆ ಮನೆಗೆ ಹೋಗಿ ಬೇಡುತ್ತಾರೆ. ಮಡಿಕೇರಿ ಮಕ್ಕಳ ದಸರಾದಲ್ಲಿ ಛದ್ಮವೇಷ ಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡಿದ ಅಮ್ಮಂದಿರ ಹತ್ತಿರ ಪಿನ್ನು, ದಾರ, ಅಂಟು ಎಲ್ಲ ಇದೆ. ಅವರನ್ನು ಮೊದಲು ನಿಮ್ಮ ಕಡೆ ಮಾಡಿಕೊಳ್ಳಿ.

ಮೊದಲು ದಿನ ಮತ್ತು ಜಾಗ

ಥೀಮ್‌ಗಿಂತ ಮೊದಲು ಕ್ಯಾಲೆಂಡರ್ ನೋಡಿ. ಜೂನ್‌ನಿಂದ ಸೆಪ್ಟೆಂಬರ್ ಮಳೆ. ಅಂಗಳದಲ್ಲಿ ಏನೂ ಇಟ್ಟುಕೊಳ್ಳಬೇಡಿ, ಶಾಮಿಯಾನ ಹಾಕಿದರೂ ಕೆಸರು, ಜಿಗಣೆ ತಪ್ಪುವುದಿಲ್ಲ, ನೆಲ ಗುಡಿಸುವ ಹಾಗೆ ಉದ್ದ ಲಂಗ ಹಾಕಿ ಬಂದವರ ಗತಿ ಕೇಳಲೇಬೇಡಿ. ಡಿಸೆಂಬರ್, ಜನವರಿಯಲ್ಲಿ ಆಕಾಶ ಚೆನ್ನಾಗಿರುತ್ತದೆ, ಆದರೆ ಅದು ಕಾಫಿ ಕೊಯ್ಲಿನ ಸಮಯ. ಪಾರ್ಟಿಗೆ ಎಲ್ಲಕ್ಕಿಂತ ಒಳ್ಳೆ ಜಾಗವಾದ ಕಣದ ತುಂಬಾ ಕಾಫಿ ಹರಡಿರುತ್ತದೆ, ಮನೆಯವರಿಗೂ ಪುರುಸೊತ್ತಿರುವುದಿಲ್ಲ, ಜೊತೆಗೆ ರಾತ್ರಿ ಚಳಿ. ತೆಳು ಬಟ್ಟೆಯ ವೇಷ ಹಾಕಿದವರು ಎಂಟು ಗಂಟೆಗೆಲ್ಲ ಮೇಲೆ ಜಾಕೆಟ್ ಹಾಕಿಕೊಂಡು ಕೂತುಬಿಡುತ್ತಾರೆ, ಆಮೇಲೆ ಎಲ್ಲರ ವೇಷವೂ ಜಾಕೆಟ್ಟೇ. ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ, ಮಾರ್ಚ್, ಏಪ್ರಿಲ್ ಸರಿಯಾದ ಕಾಲ. ಕಾಫಿ ಹೂ ಅರಳಿಸುವ ಹೂಮಳೆ ಬಂದು ಕೆಡಿಸಬಹುದು, ಅದಕ್ಕೆ ಒಳಗೊಂದು ಹಾಲ್ ಅಥವಾ ಗೋಡೌನ್ ಖಾಲಿ ಇಟ್ಟುಕೊಳ್ಳಿ.

ಹೋಂಸ್ಟೇ ಬಾಡಿಗೆಗೆ ತಗೊಳ್ಳುವುದಾದರೆ ಮಾಲೀಕರಿಗೆ ಬಿಡಿಸಿ ಹೇಳಿ: ಎಷ್ಟು ಜನ, ಎಷ್ಟು ಹೊತ್ತಿನವರೆಗೆ, ಪಾಟು (ಹಾಡು) ಹಾಕುತ್ತೀರಾ ಇಲ್ವಾ. ಸುಮ್ನೆ "ಫ್ಯಾಮಿಲಿ ಗೆಟ್ ಟುಗೆದರ್" ಅಂತ ಹೇಳಿ ಆಮೇಲೆ ಮುಖವಾಡ ಹಾಕಿದವರ ದಂಡು ಇಳಿದರೆ ಯಾರಾದರೂ ಗಾಬರಿಯಾಗುತ್ತಾರೆ.

ಇನ್ನೊಂದು ಮಾತು, ಇದು ಪೇಟೆಯವರಿಗೆ ಹೊಳೆಯುವುದೇ ಇಲ್ಲ. ಸಿದ್ದಾಪುರ, ಪಾಲಿಬೆಟ್ಟ, ತಿತಿಮತಿ ಕಡೆ ತೋಟಗಳಲ್ಲಿ ಆನೆ ಓಡಾಟ ಇದೆ, ಹಲಸು ಹಣ್ಣಾಗುವ ಕಾಲದಲ್ಲಂತೂ ಜಾಸ್ತಿ. ಕತ್ತಲಾದ ಮೇಲೆ ಗೇಟಿನಿಂದ ಮನೆವರೆಗೆ ನಡೆದು ಬರುವ ಪ್ಲಾನ್ ಬೇಡ. ಮೆಯಿನ್ ರೋಡಿಂದ ಒಂದು ಜೀಪ್ ಇಟ್ಟುಬಿಡಿ. ಬೆಳಕಿರುವಾಗಲೇ ಎಲ್ಲರೂ ಬಂದು ಸೇರಿದರೆ ಇನ್ನೂ ಒಳ್ಳೆಯದು. ಫೋಟೋ ಚೆನ್ನಾಗಿ ಬರುತ್ತದೆ ಅಂತ ವೇಷದಲ್ಲಿ ರಾತ್ರಿ ತೋಟದೊಳಗೆ ನುಗ್ಗುವವರನ್ನು ಕಟ್ಟುನಿಟ್ಟಾಗಿ ತಡೆಯಿರಿ.

ಥೀಮ್ ಆರಿಸುವುದು

ಇಲ್ಲಿ ಸ್ವಲ್ಪ ಹೊತ್ತು ಕೂತು ಯೋಚಿಸಿ, ಯಾಕೆಂದರೆ ಪಾರ್ಟಿ ಎದ್ದರೂ ಬಿದ್ದರೂ ಇದರಿಂದಲೇ. ಥೀಮ್ ಒಳ್ಳೆಯದಾ ಅಂತ ನೋಡಲು ಒಂದು ಪರೀಕ್ಷೆ ಇದೆ. ನಿಮ್ಮ ಪಟ್ಟಿಯಲ್ಲಿ ವೇಷ ಗೀಷ ಎಲ್ಲ ನನಗೆ ಬೇಡ ಅನ್ನುವ ಒಬ್ಬ ಚಿಕ್ಕಪ್ಪ ಇದ್ದೇ ಇರುತ್ತಾರೆ ಅಲ್ವಾ? ಅವರು ಪೇಟೆಗೆ ಹೋಗದೆ, ಮನೆ ಬೀರುವಿನಿಂದಲೇ, ಹತ್ತು ನಿಮಿಷದಲ್ಲಿ ತಯಾರಾಗಲು ಸಾಧ್ಯವಾದರೆ ಆ ಥೀಮ್ ಪಾಸ್. "ವೆನಿಸ್ ಕಾರ್ನಿವಲ್", "ಹಾಲಿವುಡ್ ರೆಡ್ ಕಾರ್ಪೆಟ್" ಥರದ್ದು ಈ ಪರೀಕ್ಷೆಯಲ್ಲಿ ಫೇಲ್. ನಾಲ್ಕು ಜನ ಸಾವಿರಾರು ರೂಪಾಯಿ ಸುರಿದು ಬರುತ್ತಾರೆ, ಉಳಿದವರು ಮಾಮೂಲಿ ಬಟ್ಟೆಯಲ್ಲಿ ಬಂದು ಮೂಲೆ ಹಿಡಿಯುತ್ತಾರೆ.

ಸುಲಭದ ಥೀಮ್ ಅಂದರೆ ಕಡಿಮೆ ದರ್ಜೆಯದು ಅಂದುಕೊಳ್ಳಬೇಡಿ. ಅಮೆರಿಕದ ಲೇಖಕ ಟ್ರೂಮನ್ ಕಪೋಟಿ 1966ರ ನವೆಂಬರ್ 28ರಂದು ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಕೊಟ್ಟ ಪಾರ್ಟಿ ಇವತ್ತಿಗೂ ಹೆಸರುವಾಸಿ. ಬಂದವರು ಐನೂರಕ್ಕೂ ಹೆಚ್ಚು ಜನ, ಅದರಲ್ಲಿ ಭಾರೀ ಶ್ರೀಮಂತರು, ಸಿನಿಮಾದವರು ಎಲ್ಲ. ಥೀಮ್ ಮಾತ್ರ ಕಪ್ಪು, ಬಿಳುಪು ಮತ್ತು ಒಂದು ಮುಖವಾಡ, ಅಷ್ಟೇ. ಮಧ್ಯರಾತ್ರಿವರೆಗೆ ಮುಖವಾಡ ತೆಗೆಯುವಂತಿಲ್ಲ ಅಂತ ನಿಯಮ. ಹೆಂಗಸರು ದುಬಾರಿ ಮುಖವಾಡ ಮಾಡಿಸಿಕೊಂಡು ಬಂದರೆ, ಕಪೋಟಿ ಆಟಿಕೆ ಅಂಗಡಿಯಲ್ಲಿ 39 ಸೆಂಟ್ ಕೊಟ್ಟು ತಂದದ್ದನ್ನು ಹಾಕಿಕೊಂಡು ಅದನ್ನೇ ಜಂಬದಿಂದ ಹೇಳಿಕೊಳ್ಳುತ್ತಿದ್ದರು. ಕಪ್ಪು ಪ್ಯಾಂಟು, ಬಿಳಿ ಅಂಗಿ ಯಾರ ಮನೆಯಲ್ಲಿ ಇಲ್ಲ ಹೇಳಿ.

ನಮ್ಮ ಕಡೆಗೆ ಹೊಂದುವ ಇನ್ನು ಕೆಲವು ಹೇಳುತ್ತೇನೆ. ಹಳೇ ಟ್ರಂಕ್: ಅಟ್ಟದ ಮೇಲೆ ನುಸಿಗುಳಿಗೆ ವಾಸನೆ ಹೊಡೆಯುವ ಪೆಟ್ಟಿಗೆಯಿಂದ ಎಪ್ಪತ್ತು, ಎಂಬತ್ತರ ದಶಕದ ಬೆಲ್‌ಬಾಟಮ್, ಉದ್ದ ಕಾಲರಿನ ಅಂಗಿ, ಪಫ್ ತೋಳಿನ ರವಿಕೆ ತೆಗೆದು ಹಾಕುವುದು. ಇದರಲ್ಲಿ ಅಜ್ಜ ಅಜ್ಜಿಯರೇ ಹೀರೋಗಳು, ಪ್ರತಿ ಬಟ್ಟೆಗೂ ಅವರ ಹತ್ತಿರ ಒಂದು ಕಥೆ ಇರುತ್ತದೆ. ಹಾಕಿ ಹಬ್ಬ: 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕುಟುಂಬಗಳ ಹಾಕಿ ಈಗ ಎಲ್ಲರ ಮನೆಯಲ್ಲೂ ಒಂದೆರಡು ಹಳೇ ಜೆರ್ಸಿ ಬಿಟ್ಟುಹೋಗಿದೆ. ಆಟಗಾರ, ಅಂಪೈರ್, ಮೈಕ್ ಬಿಡದ ಕಾಮೆಂಟೇಟರ್, ಕೊಡೆ ಹಿಡಿದು ಅಂಪೈರಿಗೆ ಶಾಪ ಹಾಕುವ ದೊಡ್ಡಮ್ಮ, ಎಲ್ಲವೂ ವೇಷವೇ. ಮಳೆಗಾಲದಲ್ಲೇ ಮಾಡಬೇಕು ಅನ್ನುವ ಹಟ ಇದ್ದರೆ ಮಳೆಯನ್ನೇ ಥೀಮ್ ಮಾಡಿ: ಗಂಬೂಟು, ಕಂಬಳಿ ಕೊಪ್ಪೆ, ಗೊರಬು, ಗೊಬ್ಬರದ ಚೀಲದ ಪ್ಲಾಸ್ಟಿಕ್ಕಿನಲ್ಲಿ ಹೊಲಿದ ಕೋಟು. ಒಬ್ಬರಾದರೂ ತಲೆಗೆ ಬಾಳೆಲೆ ಕಟ್ಟಿಕೊಂಡು ಬರದೇ ಇರುವುದಿಲ್ಲ.

ವೇಷ ಮಾಡಬಾರದ್ದು

ಇದನ್ನು ನಯವಾಗಿ ಹೇಳಲು ಆಗುವುದಿಲ್ಲ, ನೇರ ಹೇಳಿಬಿಡುತ್ತೇನೆ.

ಕುಪ್ಯ ಚೇಲೆಯನ್ನು, ಅಂದರೆ ಕೊಡವ ಗಂಡಸರ ನಿಲುವಂಗಿ ಮತ್ತು ಸೊಂಟಪಟ್ಟಿಯನ್ನು, ತಮಾಷೆಯ ವೇಷ ಮಾಡಬೇಡಿ. ಅದು ಮದುವೆಗೆ, ಹಬ್ಬಕ್ಕೆ ತೊಡುವ ಉಡುಪು, ಪೀಚೆಕತ್ತಿ ಸಿಕ್ಕಿಸಿಕೊಂಡು ಡ್ಯಾನ್ಸ್ ಫ್ಲೋರಿನಲ್ಲಿ ಉರುಳಾಡುವುದಕ್ಕೆ ಅಲ್ಲ. ಹೊರಗಿನ ಗೆಳೆಯರು ಆಸೆಪಟ್ಟರೆ ಮನೆ ಹಿರಿಯರನ್ನು ಕೇಳಿ, ಅವರು ಸರಿಯಾಗಿ ಉಡಿಸಿದರೆ ಆ ಮಾತು ಬೇರೆ. ತೆರೆ (ದೈವದ ಕೋಲ), ಕರಗ ಇವು ಪೂಜೆ. ಬೋಡ್ ನಮ್ಮೆ, ಕುಂಡೆ ಹಬ್ಬದ ವೇಷಗಳಿಗೂ ಹಿಂದೆ ಹರಕೆ ಇದೆ. ಅಲ್ಲಿಗೆ ಹೋಗಿ ನೋಡಿ ಖುಷಿಪಡಿ, ಮನೆಗೆ ತಂದು ಅಣಕ ಮಾಡುವುದು ಬೇಡ. ಬೈಲಕುಪ್ಪೆ ಕಡೆಯಿಂದ ಕೆಂಪು ಬಟ್ಟೆ ತಂದು ಲಾಮಾ ಆಗುವವರಿಗೂ ಇದೇ ಮಾತು.

ಮುಖಕ್ಕೆ ಮಸಿ ಬಳಿದುಕೊಂಡು "ಯರವ", "ಕಾಡು ಜನ" ಅಂತ ಬರುವುದು, ಲೈನ್ ಮನೆಯ ಕೂಲಿಯವರ ಹಾಗೆ ತಲೆಗೆ ಟವೆಲ್ ಸುತ್ತಿ ಅವರ ಮಾತಿನ ರೀತಿ ಅನುಕರಿಸುವುದು ನನ್ನ ಲೆಕ್ಕದಲ್ಲಿ ಪೂರ್ತಿ ನಿಷಿದ್ಧ. ನಿಮ್ಮ ಪಾರ್ಟಿಗೆ ಅಡುಗೆ ಮಾಡುತ್ತಿರುವವರು, ತಟ್ಟೆ ತೊಳೆಯುತ್ತಿರುವವರು ಅದೇ ಲೈನ್ ಮನೆಯಿಂದ ಬಂದವರು. ಅವರ ಕಣ್ಣೆದುರು ಅವರ ಬದುಕು ನಿಮ್ಮ ವೇಷ ಆಗುತ್ತದೆ.

ಸೈನ್ಯದ ಯೂನಿಫಾರ್ಮ್. ಕಾರ್ಯಪ್ಪ, ತಿಮ್ಮಯ್ಯನವರ ಊರು ಇದು, ಟ್ರಂಕ್ ತೆಗೆದರೆ ಅಜ್ಜನ ಯೂನಿಫಾರ್ಮ್, ಮೆಡಲ್ ಸಿಗುವ ಮನೆಗಳು ಎಷ್ಟೋ. ಹಾಕಿಕೊಳ್ಳುವ ಆಸೆ ಸಹಜ. ಆದರೆ ಸೈನಿಕ ಅಂತ ನಂಬಿಸುವ ಹಾಗೆ ಸೈನ್ಯದ ಉಡುಪು ಹಾಕುವುದು ಕಾನೂನಿನ ಪ್ರಕಾರ ಅಪರಾಧ, ಅದೂ ಅಲ್ಲದೆ ಪಾರ್ಟಿಯಲ್ಲಿ ಒಬ್ಬರಾದರೂ ನಿವೃತ್ತ ಸುಬೇದಾರರು ಇರುತ್ತಾರೆ, ಅವರ ಮುಂದೆ ಬೇರೆಯವರ ಮೆಡಲ್ ತೂಗಾಡಿಸಿಕೊಂಡು ನಿಲ್ಲಲು ಧೈರ್ಯ ಬೇಕು. ಹಾಗೇ ಕೋವಿ. ಕೊಡವರಿಗೆ, ಜಮ್ಮಾ ಅನ್ನುವ ಪಾರಂಪರಿಕ ಭೂಮಿಯ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, ಹಾಗಾಗಿ ಮನೆಯಲ್ಲಿ ಕೋವಿ ಇರುವುದು ಇಲ್ಲಿ ದೊಡ್ಡ ಸಂಗತಿಯಲ್ಲ. ಆದರೆ ಪಾರ್ಟಿಯ ದಿನ ಅದು ಬೀಗದೊಳಗೆ ಇರಬೇಕು. ಬೇಟೆಗಾರನ ವೇಷಕ್ಕೆ "ಖಾಲಿ ಇದೆ ಬಿಡಿ" ಅಂತ ನಿಜವಾದ ಕೋವಿ ಹಿಡಿದು ಬಂದವರನ್ನು ಗೇಟಿನಲ್ಲೇ ವಾಪಸ್ ಕಳಿಸಿ, ಅವರು ಯಾರೇ ಆಗಿರಲಿ. ಒಡಿಕತ್ತಿಗೂ ಇದೇ ನಿಯಮ. ರಟ್ಟಿನಲ್ಲಿ ಮಾಡಿ ಬೆಳ್ಳಿ ಕಾಗದ ಸುತ್ತಿದರೆ ಫೋಟೋದಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ.

ಗಂಡಸರು ಸೀರೆ ಉಡುವುದು, ಹೆಂಗಸರು ಪಂಚೆ ಮೀಸೆ ಹಾಕುವುದು? ಖಂಡಿತ ಮಾಡಿ, ಆದರೆ ಅಚ್ಚುಕಟ್ಟಾಗಿ. ಕೊಡಗಿನ ಸೀರೆಯ ನೆರಿಗೆ ಹಿಂದೆ ಬರುತ್ತದೆ, ಅದನ್ನು ನೆಟ್ಟಗೆ ಉಡಿಸಲು ಒಬ್ಬ ಅತ್ತಿಗೆಯ ಸಹಾಯ ಬೇಕು. ಎದೆಗೆ ಬಲೂನು ತುರುಕಿಕೊಂಡು ಬಳುಕುವುದು ಹಳಸಿಹೋದ ಜೋಕು.

ಕರೆಯುವುದು

ಮೂರು ವಾರ ಮೊದಲು ಹೇಳಿ. ವಾಟ್ಸಾಪ್ ಮೆಸೇಜಿನಲ್ಲಿ ಎಲ್ಲವೂ ಒಂದೇ ಕಡೆ ಇರಲಿ. ಹೀಗೆ:

"ಏಪ್ರಿಲ್ ಎರಡನೇ ಶನಿವಾರ, ನಮ್ಮ ಮನೆ ಕಣದಲ್ಲಿ. ಸಂಜೆ ಐದೂವರೆಗೆ ಬನ್ನಿ, ಕತ್ತಲಾಗುವ ಮೊದಲು. ಥೀಮ್: ಹಳೇ ಟ್ರಂಕ್, 1990ಕ್ಕಿಂತ ಹಿಂದಿನ ಬಟ್ಟೆ. ಪೂರ್ತಿ ವೇಷ ಹಾಕಿದರೆ ಖುಷಿ, ಆಗದಿದ್ದರೆ ಹಳೇದು ಒಂದು ವಸ್ತು ಸಾಕು, ಕನ್ನಡಕ, ವಾಚು, ಸ್ಕಾರ್ಫ್ ಏನಾದರೂ. ಚಳಿಗೆ ಒಂದು ಶಾಲು ತನ್ನಿ. ಜೋರು ಪಾಟು ಹತ್ತು ಗಂಟೆಯವರೆಗೆ ಮಾತ್ರ. ಕುಡಿಯುವವರು ಇಲ್ಲೇ ಮಲಗಬೇಕು, ಹಾಸಿಗೆ ಇದೆ. ಬರುವುದು ಖಚಿತ ಆದರೆ ಒಂದು ವಾರ ಮೊದಲೇ ಹೇಳಿ."

"ಒಂದು ವಸ್ತು ಸಾಕು" ಅನ್ನುವ ಸಾಲನ್ನು ಮಾತ್ರ ಬಿಡಬೇಡಿ. ಅದು ಇಲ್ಲದಿದ್ದರೆ ಸಂಕೋಚದವರು ಬರುವುದೇ ಇಲ್ಲ, ಹುಷಾರಿಲ್ಲ ಅಂತ ಹೇಳಿ ತಪ್ಪಿಸಿಕೊಳ್ಳುತ್ತಾರೆ.

ಬಟ್ಟೆ ಎಲ್ಲಿಂದ

ಮೊದಲ ಜಾಗ ಮನೆ, ಎರಡನೆಯದು ನೆಂಟರ ಮನೆ. ಮಡಿಕೇರಿಯ ಶುಕ್ರವಾರದ ಸಂತೆ, ಗೋಣಿಕೊಪ್ಪದ ಭಾನುವಾರದ ಸಂತೆಯಲ್ಲಿ ಬಳೆ, ಪ್ಲಾಸ್ಟಿಕ್ ಹೂವು, ಟೋಪಿ, ಕಡಿಮೆ ಬೆಲೆಯ ಬಟ್ಟೆ ಸಿಗುತ್ತದೆ. ಶಾಲಾ ಮಕ್ಕಳಿಗೆ ಡ್ರೆಸ್ ಬಾಡಿಗೆ ಕೊಡುವ ಅಂಗಡಿಗಳಲ್ಲಿ ದೊಡ್ಡವರ ಅಳತೆ ಕಡಿಮೆ, ಸ್ಕೂಲ್ ಡೇ ಸೀಸನ್ನಿನಲ್ಲಂತೂ ಏನೂ ಉಳಿದಿರುವುದಿಲ್ಲ. ನಾಟಕದ ಡ್ರೆಸ್ಸೇ ಬೇಕು ಅಂದರೆ ಮೈಸೂರಿಗೆ ಹೋಗಿ ಬನ್ನಿ. ಬಾಡಿಗೆ ತಗೊಂಡಾಗ ಅಲ್ಲೇ ಬಿಚ್ಚಿ ನೋಡಿ, ಕಿತ್ತ ಗುಂಡಿ, ಹರಿದ ಹೊಲಿಗೆಯ ಫೋಟೋ ತೆಗೆದಿಟ್ಟುಕೊಳ್ಳಿ, ಇಲ್ಲದಿದ್ದರೆ ವಾಪಸ್ ಕೊಡುವಾಗ ನೀವೇ ಹರಿದದ್ದು ಅಂತಾಗುತ್ತದೆ.

ಮುಖವಾಡ ಮಾತ್ರ ಕೊಳ್ಳಬೇಡಿ, ಮಾಡಿ. ಅಡಿಕೆ ಹಾಳೆ ಇದ್ದರೆ ಅದಕ್ಕಿಂತ ಒಳ್ಳೆ ಸಾಮಾನು ಇಲ್ಲ. ಹುಳು ಬೀಳದ, ಸೀಳದ ಹಾಳೆ ಆರಿಸಿ ಮಣ್ಣು ಹೋಗುವ ಹಾಗೆ ತೊಳೆಯಿರಿ, ಮುಕ್ಕಾಲು ಗಂಟೆ ನೀರಲ್ಲಿ ಮುಳುಗಿಸಿಡಿ. ಮೆತ್ತಗಾದ ಮೇಲೆ ಹಣೆಯಿಂದ ಮೂಗಿನವರೆಗೆ ಮಾತ್ರ ಬರುವ ಅರ್ಧ ಮುಖವಾಡದ ಆಕಾರ ಕತ್ತರಿಸಿ. ಬಾಯಿ ಮುಚ್ಚಬಾರದು, ಮುಚ್ಚಿದರೆ ತಿನ್ನಲು, ಕುಡಿಯಲು, ಮಾತಾಡಲು ಯಾವುದಕ್ಕೂ ಆಗುವುದಿಲ್ಲ, ಅರ್ಧ ಗಂಟೆಯಲ್ಲಿ ತಲೆ ಮೇಲೆ ಏರಿಸಿಕೊಂಡು ಓಡಾಡುತ್ತಾರೆ. ಕಣ್ಣಿನ ತೂತು ನಿಮಗೆ ಅನಿಸಿದ್ದಕ್ಕಿಂತ ದೊಡ್ಡದಿರಲಿ, ಪಕ್ಕದ ಮೆಟ್ಟಿಲು ಕಾಣಬೇಕು. ಹಸಿ ಇರುವಾಗಲೇ ಒಂದು ದುಂಡನೆಯ ಪಾತ್ರೆಯ ಬೆನ್ನಿಗೆ ಒತ್ತಿ ಬಟ್ಟೆಯಿಂದ ಕಟ್ಟಿ, ನೆರಳಲ್ಲಿ ಒಣಗಲು ಬಿಡಿ. ಬಿಸಿಲಿಗಿಟ್ಟರೆ ಸುರುಟಿಕೊಳ್ಳುತ್ತದೆ. ಒಣಗಿದ ಮೇಲೆ ಅಂಚನ್ನು ಮರಳು ಕಾಗದದಲ್ಲಿ ಉಜ್ಜಿ, ಒಳಗೆ ಮೂಗು ತಾಗುವ ಕಡೆ ಹತ್ತಿ ಬಟ್ಟೆ ಅಂಟಿಸಿ, ಎರಡು ಕಡೆ ತೂತು ಮಾಡಿ ಎಲಾಸ್ಟಿಕ್ ಕಟ್ಟಿ. ಪೋಸ್ಟರ್ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಬಣ್ಣ ಹಚ್ಚದೆ ಹಾಳೆಯ ಗೆರೆಗಳನ್ನೇ ಬಿಟ್ಟರೂ ಚೆಂದ, ನನಗೆ ಅದೇ ಇಷ್ಟ.

ಮುಖಕ್ಕೇ ಬಣ್ಣ ಹಚ್ಚುವುದಾದರೆ ಚರ್ಮಕ್ಕೆ ಅಂತಲೇ ಇರುವ ಬಣ್ಣ ತನ್ನಿ. ಅಕ್ರಿಲಿಕ್, ಪೇಂಟ್ ಅಂಗಡಿಯ ಬಣ್ಣ, ಫೆವಿಕಾಲ್ ಯಾವುದೂ ಮುಖಕ್ಕಲ್ಲ. ಹಿಂದಿನ ದಿನ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ನೋಡಿ, ತುರಿಸಿದರೆ ಬಿಟ್ಟುಬಿಡಿ. ತೆಗೆಯುವಾಗ ಮೊದಲು ತೆಂಗಿನೆಣ್ಣೆ, ಆಮೇಲೆ ಸೋಪು.

ಹೇಳಬೇಕಾದವರಿಗೆ ಹೇಳುವುದು

ಧ್ವನಿವರ್ಧಕ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹಾಕುವಂತಿಲ್ಲ, ಇದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ. ಬೆಂಗಳೂರಿನ ಪಬ್ ಒಂದು ಗಂಟೆವರೆಗೆ ತೆರೆದಿರುತ್ತದೆ ಅಂತ ಇಲ್ಲಿ ವಾದ ಮಾಡಿ ಪ್ರಯೋಜನ ಇಲ್ಲ. ತೋಟದ ನಡುವೆ ಯಾರಿಗೆ ಕೇಳುತ್ತದೆ ಅನ್ನಬೇಡಿ, ಕಣಿವೆಯಲ್ಲಿ ರಾತ್ರಿ ಶಬ್ದ ಎಷ್ಟು ದೂರ ಹೋಗುತ್ತದೆ ಅಂತ ಆಚೆ ಬೆಟ್ಟದಲ್ಲಿ ಮಲಗಿದವರನ್ನು ಕೇಳಿ. ಅಕ್ಕಪಕ್ಕದ ಮನೆಯವರಿಗೆ ಮೊದಲೇ ಹೇಳಿ, ಅದಕ್ಕಿಂತ ಒಳ್ಳೆಯದು ಅವರನ್ನೂ ಕರೆಯುವುದು.

ಮದ್ಯದ ವಿಷಯ. ಹಾಲ್ ಬಾಡಿಗೆ ಹಿಡಿದು, ದೊಡ್ಡ ಗುಂಪು ಸೇರಿಸಿ ಮದ್ಯ ಕೊಡುವುದಾದರೆ ಅಬಕಾರಿ ಇಲಾಖೆಯಿಂದ ಸಿಎಲ್-5 ಅನ್ನುವ ತಾತ್ಕಾಲಿಕ ಲೈಸೆನ್ಸ್ ತಗೊಳ್ಳಬೇಕು. ಟಿಕೆಟ್ ಇಟ್ಟು ಮಾಡುವವರಂತೂ ಇದನ್ನು ಮರೆಯುವಂತೆಯೇ ಇಲ್ಲ. ಪೊಲೀಸ್ ಠಾಣೆಗೂ ಒಂದು ಮಾತು ತಿಳಿಸಿಟ್ಟರೆ ನಡುರಾತ್ರಿ ಯಾರೋ ಫೋನ್ ಮಾಡಿ "ಮುಖವಾಡ ಹಾಕಿದವರು ಓಡಾಡುತ್ತಿದ್ದಾರೆ" ಅಂದಾಗ ಗಲಾಟೆ ಆಗುವುದಿಲ್ಲ. ತೋಟದ ರೈಟರ್ (ಲೆಕ್ಕ ಬರೆಯುವವರು), ಕಾವಲಿನವರು, ಲೈನ್ ಮನೆಯವರು, ಇವರಿಗೂ ಹೇಳಿ.

ಮತ್ತೆ ನಾಯಿಗಳು! ಇದನ್ನು ಯಾರೂ ಯೋಚಿಸುವುದಿಲ್ಲ. ಎಸ್ಟೇಟ್ ನಾಯಿಗೆ ಮುಖವಾಡ, ದೊಡ್ಡ ಟೋಪಿ, ತೂಗಾಡುವ ಬಟ್ಟೆ ಅಂದರೆ ಆಗುವುದಿಲ್ಲ, ದಿನಾ ಅನ್ನ ಹಾಕುವ ಯಜಮಾನನನ್ನೇ ವೇಷದಲ್ಲಿ ಅಟ್ಟಾಡಿಸುತ್ತದೆ. ಮಧ್ಯಾಹ್ನವೇ ದೂರದ ಶೆಡ್ಡಿನಲ್ಲಿ ಕಟ್ಟಿ, ನೀರು ಊಟ ಇಟ್ಟು ಬನ್ನಿ.

ಆ ಸಂಜೆ

ಕರೆದವರು ಮೊದಲು ವೇಷ ಹಾಕಿ ಬಾಗಿಲಲ್ಲಿ ನಿಲ್ಲಬೇಕು, ಅದೂ ಎಲ್ಲರಿಗಿಂತ ಜಾಸ್ತಿ ಹಾಸ್ಯಾಸ್ಪದವಾಗಿ. ನೀವು ಇಸ್ತ್ರಿ ಶರ್ಟಿನಲ್ಲಿ ನಿಂತು ಬಂದವರನ್ನು ವೇಷದಲ್ಲಿ ನೋಡಿದರೆ ಅವರಿಗೆ ನಾಚಿಕೆ. ಬಾಗಿಲ ಪಕ್ಕ ಒಂದು ಕಾಫಿ ಬುಟ್ಟಿ ಇಡಿ, ಅದರ ತುಂಬಾ ಹೆಚ್ಚುವರಿ ಟೋಪಿ, ಅಂಟಿಸುವ ಮೀಸೆ, ಹಳೇ ಕನ್ನಡಕ, ಶಾಲು. ಬರಿಗೈಲಿ ಬಂದವರು ಏನೂ ಕೇಳಿಸಿಕೊಳ್ಳದೆ ಅದರಿಂದ ಒಂದು ಎತ್ತಿಕೊಂಡು ಒಳಗೆ ಹೋಗಲಿ. "ಅಯ್ಯೋ ನೀನು ವೇಷ ಹಾಕಿಲ್ವಾ?" ಅಂತ ಯಾರೂ ಕೇಳಬಾರದು.

ಮೊದಲ ಅರ್ಧ ಗಂಟೆ ಎಲ್ಲರೂ ಕೈ ಎಲ್ಲಿಡುವುದು ಅಂತ ಗೊತ್ತಾಗದೆ ನಿಂತಿರುತ್ತಾರೆ. ಆಗ ಒಂದು ಆಟ ಬೇಕು. ಪ್ರತಿಯೊಬ್ಬರೂ ತಮ್ಮ ವೇಷಕ್ಕೆ ಒಂದು ಹೆಸರು, ಒಂದು ಊರು, ಒಂದು ಉದ್ಯೋಗ ಹೇಳಬೇಕು, ಇಡೀ ಸಂಜೆ ಅದೇ ಹೆಸರಲ್ಲಿ ಕರೆಸಿಕೊಳ್ಳಬೇಕು. ನಿಜವಾದ ಮನೆತನ, ಸಂಬಳ, ಮದುವೆ ಬಗ್ಗೆ ಯಾರಾದರೂ ಬಾಯಿಬಿಟ್ಟರೆ ದಂಡ: ಒಂದು ಪದ್ಯ ಹಾಡಬೇಕು ಅಥವಾ ಎಲ್ಲರಿಗೂ ಕಾಫಿ ಮಾಡಿ ತರಬೇಕು. ಹಿರಿಯರೇ ಮೊದಲು ಸಿಕ್ಕಿಬೀಳುತ್ತಾರೆ, ನೋಡ್ತಾ ಇರಿ.

ಬಹುಮಾನ ಇಡುವುದಾದರೆ "ಅತಿ ಸುಂದರ ವೇಷ" ಬೇಡ, ಅದು ಕೊನೆಗೆ ದುಡ್ಡು ಮತ್ತು ಬಣ್ಣದ ಮಾತಾಗುತ್ತದೆ. "ಗುರುತೇ ಸಿಗದವರು", "ಒಂದು ಪೈಸೆ ಖರ್ಚಿಲ್ಲದ ವೇಷ", "ಇವರು ಹಾಕುತ್ತಾರೆ ಅಂತ ಯಾರೂ ಅಂದುಕೊಳ್ಳದವರು" ಹೀಗೆ ಇಡಿ. ವೋಟಿಗೆ ಎಲ್ಲರ ಕೈಗೂ ಮೂರು ಮೂರು ಕಾಫಿ ಬೀಜ ಕೊಡಿ, ಹೆಸರು ಬರೆದ ಲೋಟಗಳಲ್ಲಿ ಹಾಕಲಿ. ಬಹುಮಾನಕ್ಕೆ ಒಂದು ಬಾಟಲಿ ಕಾಚಂಪುಳಿಯೋ (ಅಡುಗೆಗೆ ಹಾಕುವ ಹುಳಿರಸ) ಜೇನೋ ಸಾಕು.

ಊಟದಲ್ಲಿ ಜಾಣತನ ಬೇಕು. ಪಂದಿಕರಿ (ಹಂದಿ ಸಾರು), ಕಡಂಬುಟ್ಟು (ಅಕ್ಕಿ ಉಂಡೆ) ಇಲ್ಲದೆ ಪಾರ್ಟಿಯೇ ಅಲ್ಲ ಅಂತೀರಿ, ಒಪ್ಪಿದೆ. ಆದರೆ ಉದ್ದ ತೋಳಿನ, ಬಾಡಿಗೆ ಬಟ್ಟೆಯವರು ಕೈಯಲ್ಲಿ ಆ ಕಪ್ಪು ಸಾರು ಹಿಡಿದು ನಿಂತಿರುವುದನ್ನು ಒಮ್ಮೆ ಊಹಿಸಿಕೊಳ್ಳಿ. ವೇಷ ಇರುವವರೆಗೆ ಒಣಗಿದ ಫ್ರೈ, ಕಡ್ಡಿ ಚುಚ್ಚಿ ತಿನ್ನುವಂಥದ್ದು, ವೆಜ್‌ನವರಿಗೆ ಅಣಬೆ ಫ್ರೈ. ಸ್ಪರ್ಧೆ, ಫೋಟೋ ಎಲ್ಲ ಮುಗಿದು ಜನ ಟೋಪಿ ಕಿತ್ತು ಆರಾಮಾದ ಮೇಲೆ ಕೂತು ಉಣ್ಣುವ ಊಟ.

ಪಾಟಿನ ಪಟ್ಟಿ ಮೊದಲೇ ಡೌನ್‌ಲೋಡ್ ಮಾಡಿಡಿ, ನೆಟ್‌ವರ್ಕ್ ನಂಬಬೇಡಿ. ಕರೆಂಟನ್ನೂ ನಂಬಬೇಡಿ, ಚಾರ್ಜಿನ ದೀಪ ಇರಲಿ. ಡಿಜೆ ಪಾಟಿಗೆ ಯುವಕರು ಕುಣಿಯುತ್ತಾರೆ, ಹಿರಿಯರು ಕೂತು ನೋಡುತ್ತಾರೆ. ಒಂಬತ್ತೂವರೆಗೆ ವಾಲಗ ಹಾಕಿ. ಮೊಣಕಾಲು ನೋವು ಅಂತ ಸಂಜೆಯಿಂದ ಕುರ್ಚಿ ಬಿಡದವರೂ ಎದ್ದು ಬರುತ್ತಾರೆ. ಹತ್ತು ಹೊಡೆದ ಮೇಲೆ ಸೆಟ್ ಆಫ್ ಮಾಡಿ ಒಳಗೆ ಹೋಗಿ ಅಂತ್ಯಾಕ್ಷರಿ, ಇಸ್ಪೀಟು, ಹರಟೆ.

ಬೆಂಕಿ

ಕೊಡಗು ಅಂದರೆ ಕ್ಯಾಂಪ್‌ಫೈರ್ ಇರಲೇಬೇಕು ಅನ್ನುವುದು ಈಗ ಎಲ್ಲರ ತಲೆಯಲ್ಲಿ ಕೂತಿದೆ. ವೇಷದ ಪಾರ್ಟಿಯಲ್ಲಿ ನನಗೆ ಎಲ್ಲಕ್ಕಿಂತ ಹೆದರಿಕೆ ಇದರದ್ದೇ. ಬಾಡಿಗೆ ಡ್ರೆಸ್ಸುಗಳು ಹೆಚ್ಚಿನವು ನೈಲಾನ್, ಪಾಲಿಯೆಸ್ಟರ್. ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಹತ್ತಿಯ ಗಡ್ಡ, ಹುಲ್ಲಿನ ಲಂಗ, ಕಾಗದದ ರೆಕ್ಕೆ ಇವಂತೂ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಹತ್ತಿಕೊಳ್ಳುತ್ತವೆ. ಹಾಗಾಗಿ ವೇಷ ಬಿಚ್ಚಿ, ಹತ್ತಿ ಅಥವಾ ಉಣ್ಣೆ ಬಟ್ಟೆ ಹಾಕಿಕೊಂಡವರಿಗೆ ಮಾತ್ರ ಬೆಂಕಿ ಹತ್ತಿರ ಜಾಗ. ಸುತ್ತ ಕಲ್ಲು ಇಟ್ಟು, ಕುರ್ಚಿಗಳನ್ನು ದೂರ ಹಾಕಿ, ಒಂದು ಬಕೆಟ್ ಮರಳು, ಎರಡು ಬಕೆಟ್ ನೀರು, ಒಂದು ದಪ್ಪ ಕಂಬಳಿ ಪಕ್ಕದಲ್ಲಿರಲಿ, ಕುಡಿಯದ ಒಬ್ಬರು ಅಲ್ಲೇ ನಿಲ್ಲಲಿ. ಬಟ್ಟೆಗೆ ಹತ್ತಿಕೊಂಡರೆ ಓಡಬಾರದು, ನೆಲಕ್ಕೆ ಬಿದ್ದು ಉರುಳಬೇಕು, ಕಂಬಳಿ ಸುತ್ತಬೇಕು. ಸುಟ್ಟ ಜಾಗಕ್ಕೆ 20 ನಿಮಿಷ ಹರಿಯುವ ತಣ್ಣೀರು, ಅಂಟಿದ ಬಟ್ಟೆ ಕೀಳಬೇಡಿ, ಟೂತ್‌ಪೇಸ್ಟು, ಅರಿಶಿನ ಏನೂ ಹಚ್ಚದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಾರ್ಚ್, ಏಪ್ರಿಲ್‌ನಲ್ಲಿ ತೋಟದ ದರಗು ಒಣಗಿರುತ್ತದೆ, ಗಾಳಿ ಇದ್ದರೆ ಬೆಂಕಿಯೇ ಬೇಡ.

ಫೋಟೋ ಮತ್ತು ಮನೆಗೆ ಹೋಗುವುದು

ಕಾಫಿಯ ಗೋಣಿಚೀಲ ಜೋಡಿಸಿ ಹಿಂದೆ ಕಟ್ಟಿದರೆ ಒಳ್ಳೆ ಬ್ಯಾಕ್‌ಗ್ರೌಂಡ್, ಬೇರೆ ಅಲಂಕಾರ ಬೇಡ. ಫೋಟೋ ತೆಗೆಯುವುದಕ್ಕೆ ಅಡ್ಡಿ ಇಲ್ಲ, ಫೋನಿನಲ್ಲಿ ಎಲ್ಲರಿಗೂ ಹಾಕುವುದಕ್ಕೆ ಇದೆ. ಬೆಂಗಳೂರಿನಲ್ಲಿ ಸೀರೆ ಉಟ್ಟ ಹುಡುಗನ ಫೋಟೋ ಸ್ಟೇಟಸ್‌ಗೆ ಹಾಕಿದರೆ ನಾಲ್ಕು ಗೆಳೆಯರು ನಕ್ಕು ಮರೆಯುತ್ತಾರೆ. ಇಲ್ಲಿ ಅದು ಬೆಳಿಗ್ಗೆಯೊಳಗೆ ಇಡೀ ಒಕ್ಕದ ಗ್ರೂಪಿನಲ್ಲಿ ಸುತ್ತಿ, ಹೆಣ್ಣು ನೋಡಲು ಹೋಗಬೇಕಾದ ಮನೆಗೂ ತಲುಪಿರುತ್ತದೆ. ಫೋಟೋದಲ್ಲಿರುವ ಪ್ರತಿಯೊಬ್ಬರೂ ಹೂಂ ಅನ್ನದೆ ಒಂದೂ ಹಾಕುವಂತಿಲ್ಲ ಅಂತ ಬಾಗಿಲಲ್ಲೇ ಹೇಳಿ. ಒಂದು ಸಂಜೆಯ ರಜೆ ಅಂತ ಕರೆದು ಅದನ್ನು ವರ್ಷಗಟ್ಟಲೆ ಚುಡಾಯಿಸಲು ಬಳಸಿದರೆ ಮುಂದಿನ ಸಲ ಯಾರೂ ಬರುವುದಿಲ್ಲ.

ರಾತ್ರಿ ಓಲಾ, ಊಬರ್ ಕರೆಯಲು ಇದು ಬೆಂಗಳೂರಲ್ಲ. ಕುಡಿದವರು ಅಲ್ಲೇ ಮಲಗಬೇಕು, ಕೀಲಿ ಮನೆಯವರ ಕೈಯಲ್ಲಿ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ದಾಟಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಕೂಡ ಇದೆ. ಮಂಜು ಮುಸುಕಿದ ಘಾಟಿಯ ತಿರುವುಗಳಿಗೆ ದಂಡದ ಲೆಕ್ಕವೂ ಗೊತ್ತಿಲ್ಲ. ಕುಡಿಯದೆ ಹೊರಡುವವರು ಮುಖವಾಡ, ಅಗಲ ಟೋಪಿ, ಉದ್ದ ನಿಲುವಂಗಿ ಬಿಚ್ಚಿಟ್ಟು ಗಾಡಿ ಹತ್ತಲಿ. ಬೈಕಿನ ಹಿಂದೆ ಕೂರುವವರ ಸೆರಗು, ಶಾಲು ಸೊಂಟಕ್ಕೆ ಬಿಗಿದು ಕಟ್ಟಿ, ಚಕ್ರಕ್ಕೆ ಸಿಕ್ಕಿದರೆ ಎಳೆದು ಬೀಳಿಸುತ್ತದೆ.

ಮರುದಿನ

ಅಂಗಳದಲ್ಲಿ ಬಿದ್ದ ಮಿಣುಕು ಕಾಗದ, ಬಲೂನು ಚೂರು, ಪ್ಲಾಸ್ಟಿಕ್ ಲೋಟ ಎಲ್ಲ ಬೆಳಿಗ್ಗೆಯೇ ಆಯಿಸಿ, ಗಾಳಿಗೆ ತೋಟಕ್ಕೆ ಹೋದರೆ ದನ ತಿನ್ನುತ್ತದೆ, ತೋಡಿಗೆ ಇಳಿಯುತ್ತದೆ. ಅಡುಗೆ, ಪಾತ್ರೆಗೆ ನಿಂತವರಿಗೆ ಆ ದಿನವೇ ದುಡ್ಡು ಕೊಡಿ, ರಾತ್ರಿ ಕೆಲಸಕ್ಕೆ ಜಾಸ್ತಿ ಸೇರಿಸಿ ಕೊಡಿ. ಟ್ರಂಕಿನಿಂದ ತೆಗೆದ ಹಳೇ ರೇಷ್ಮೆಯನ್ನು ತೊಳೆಯಲು ಹೋಗಬೇಡಿ, ನೆರಳಲ್ಲಿ ಗಾಳಿಗೆ ಹರವಿ ಬೆವರಿನ ವಾಸನೆ ಹೋದ ಮೇಲೆ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಬಾಡಿಗೆ ಡ್ರೆಸ್ಸಿಗೆ ಸಾರು ಚೆಲ್ಲಿದ್ದರೆ ನೀವೇ ಉಜ್ಜಿ ಬಣ್ಣ ಕಳೆಯುವ ಬದಲು ಅಂಗಡಿಯವರಿಗೆ ಹೇಳಿಬಿಡಿ, ಡ್ರೈಕ್ಲೀನ್ ದುಡ್ಡು ಮುರಿದುಕೊಳ್ಳುತ್ತಾರೆ ಅಷ್ಟೇ. ಒದ್ದೆ ಬಟ್ಟೆಯನ್ನು ಮಾತ್ರ ಬ್ಯಾಗಿಗೆ ತುರುಕಬೇಡಿ, ಈ ಊರಿನ ಹವೆಗೆ ಎರಡೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ, ಡೆಪಾಸಿಟ್ ಪೂರ್ತಿ ಹೋಗುತ್ತದೆ.